ಬಾಗಿಲಿಗೆ ಬಂದ ಬಕೀಟು

ಬಾಗಿಲು ತೆಗೆದ ವರ್ನಾಳ ಕಾಲಿಗೆ ಹಸಿರು ಪಟ್ಟಿಯ ಹಳದಿ ಬಕೀಟೊಂದು ತಗುಲಿತು. ಒದ್ದೆ ಗೋಣಿಚೀಲದ ಕೆಳಗೆ ಆರು ಲಾಬ್‌ಸ್ಟರ್‌ಗಳು ಕೊರಕೊರ ಸದ್ದು ಮಾಡುತ್ತ ಒಂದರ ಮೇಲೊಂದು ಹತ್ತುತ್ತಿದ್ದವು. ಚೀಟಿಯಿಲ್ಲ, ಹೆಸರಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಅಮೆರಿಕದ ಮೇನ್ ಕರಾವಳಿಯ ಆ ಕೊಲ್ಲಿಯಲ್ಲಿ ತನ್ನ ದೋಣಿ, ಬಕೀಟುಗಳಿಗೆಲ್ಲ ಹಳದಿಯ ಮೇಲೆ ಹಸಿರು ಪಟ್ಟಿ ಬಳಿದುಕೊಂಡವನು ಲೈಮನ್ ಒಬ್ಬನೇ. ನಸುಕಿನಲ್ಲಿ ದೋಣಿಗೆ ಹೋಗುವಾಗ ಇಟ್ಟು ಹೋಗಿರಬೇಕು.

"ಅತ್ತಿಗೆ, ಒಳಗೆ ತಗೊಂಡ್ಬಾ, ನೀರು ಕುದಿಯೋಕಿಡ್ತೀನಿ," ಎಂದಳು ಅಡುಗೆಮನೆಯಿಂದ ಅರ್ಲೀನ್. ವರ್ನಾಳ ನಾದಿನಿ ಅವಳು. ವರ್ನಾಳ ಪೆಟ್ಟಾದ ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಗೆ ಬಿದ್ದಾಗಿನಿಂದ ಇಲ್ಲೇ ಠಿಕಾಣಿ ಹೂಡಿದ್ದಳು.

"ಮುಟ್ಟಬೇಡ ಅದನ್ನ."

"ಯಾಕೆ, ಲಾಬ್‌ಸ್ಟರ್ ತಿಂದ್ರೆ ನಿನಗೇನು ಅಜೀರ್ಣವಾ?"

ಯಾಕೆಂದು ಅರ್ಲೀನ್‌ಗೂ ಗೊತ್ತಿತ್ತು. ಆ ಊರಿನಲ್ಲಿ ಯಾರದೋ ಬಲೆಯ ಹಗ್ಗ ಕತ್ತರಿಸಿ ಹೋಗಲಿ, ದೋಣಿಗೆ ದೋಣಿ ತಾಗಲಿ, ತಪ್ಪು ಮಾಡಿದವನು ಬಕೀಟು ಇಡುತ್ತಾನೆ. ಮನೆಯವರು ಬೇಯಿಸಿ ತಿಂದು, ಬಕೀಟು ತೊಳೆದು ಹಿಂದಿರುಗಿಸಿದರೆ ಮುಗಿಯಿತು. ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ವರ್ನಾಳ ಅಪ್ಪ ಹನ್ನೆರಡು ವರ್ಷದ ಜಗಳವನ್ನು ಒಂದೇ ಸಂಜೆಯ ಊಟದಲ್ಲಿ ಮುಗಿಸಿದ್ದ.

ಮೂರು ವಾರದ ಹಿಂದೆ ಅಂಚೆ ಕಚೇರಿಯ ತಿರುವಿನಲ್ಲಿ ಲೈಮನ್‌ನ ಟ್ರಕ್ಕು ನಿಲ್ಲಬೇಕಾದಲ್ಲಿ ನಿಲ್ಲದೆ ಬಂದು ಅವಳ ಕಾರಿನ ಬಾಗಿಲಿಗೆ ಗುದ್ದಿತ್ತು. ಇಳಿದು ಓಡಿ ಬಂದವನ ಮುಖ ಬಿಳಿಚಿಕೊಂಡಿತ್ತು. "ಪೊಲೀಸರು ಬೇಡ ಆಂಟಿ, ದಮ್ಮಯ್ಯ. ಈ ಸಲ ವಿಮೆ ಕಟ್ಟಿಲ್ಲ. ಬಾಗಿಲು ನಾನೇ ಹಾಕಿಕೊಡ್ತೀನಿ." ಇವಳೂ ಹೋಗಲಿ ಬಿಡು ಎಂದಿದ್ದಳು. ಅಲ್ಲಿ ಯಾರಾದರೂ ಹಾಗೇ ಎನ್ನುತ್ತಿದ್ದರು. ಲೈಮನ್ ಮಾತಿಗೆ ತಪ್ಪಲಿಲ್ಲ. ಎಲ್ಲಿಂದಲೋ ನೀಲಿ ಬಾಗಿಲು ತಂದು ಕೆಂಪು ಕಾರಿಗೆ ಕೂರಿಸಿದ. ಕಾರು ಸರಿಹೋಯಿತು. ಭುಜ ಸರಿಹೋಗಲಿಲ್ಲ. ಒಳಗೆ ಸ್ನಾಯು ಹರಿದಿದೆ, ಚಳಿಗಾಲ ಹಿಡಿಯುವ ಮೊದಲು ಆಪರೇಷನ್ ಆಗದಿದ್ದರೆ ತೋಳು ಏಳುವುದೇ ಇಲ್ಲ ಎಂದರು ಡಾಕ್ಟರು. ಮೂವತ್ತು ವರ್ಷದಿಂದ ಅಡುಗೆಮನೆಯ ಮೇಜಿನ ಮೇಲೆ ಏಡಿ ಒಡೆದು ಮಾಂಸ ಬಿಡಿಸಿ ಮಾರಿ ಬದುಕಿದ ಹೆಂಗಸು ಅವಳು. ಆ ತೋಳೇ ಅವಳ ಅಂಗಡಿ.

ವಿಮೆ ಕಚೇರಿಯ ನೋರೀನ್ ನಿನ್ನೆ ಫೋನಿನಲ್ಲಿ ಬಿಡಿಸಿ ಹೇಳಿದ್ದಳು. "ಗುದ್ದಿದವನಿಗೆ ವಿಮೆ ಇಲ್ದಿದ್ರೆ ನಿಮ್ಮ ಗಾಯಕ್ಕೆ ನಾವೇ ಕೊಡ್ಬೇಕು. ನಿಮ್ಮ ಪಾಲಿಸೀಲಿ ಅದಿದೆ. ಈ ರಾಜ್ಯದಲ್ಲಿ ಎಲ್ಲರಿಗೂ ಕಡ್ಡಾಯ."

"ಅದಾ! ಯಾರೋ ಸೋಮಾರಿ ಕಟ್ಟಲ್ಲ ಅಂತ ನಾನ್ಯಾಕೆ ಕಟ್ಟಬೇಕು ಅಂತ ನಿಮ್ಮ ಮೇಲೆ ವರ್ಷಾ ವರ್ಷಾ ರೇಗಿದ್ದೀನಲ್ಲ?"

"ಅದೇ, ಮೇಡಂ. ಆದ್ರೆ ವಿಮೆ ಇರ್ಲಿಲ್ಲ ಅಂತ ಅವನು ಬರೆದುಕೊಡ್ಬೇಕು. ಇಲ್ಲಾಂದ್ರೆ ನೀವು ಪೊಲೀಸರಿಗೆ ದೂರು ಕೊಡಿ. ಹೆಸರಿಲ್ಲದೆ ಆಗಲ್ಲ."

ವರ್ನಾ ಬಕೀಟಿನ ಹಿಡಿಗೆ ಎಡಗೈ ಹಾಕಿದಳು. "ಅರ್ಲೀನ್, ಕಾರು ತೆಗಿ."

"ಊರವರು ನಿನ್ನ ಮುಖ ನೋಡಲ್ಲ ಅತ್ತಿಗೆ. ತಿನ್ನದೆ ತುಂಬಿದ ಬಕೀಟನ್ನೇ ವಾಪಸ್ ಕೊಟ್ಟವಳು ಅಂತಾರೆ."

"ಅವರು ಬಂದು ನನ್ನ ಏಡಿ ಒಡೆದುಕೊಡ್ತಾರಾ? ತೆಗಿ ಕಾರು."

ದೋಣಿಗಳು ಮರಳುವ ಹೊತ್ತಿಗೆ ಇಬ್ಬರೂ ದೋಣಿ ಕಟ್ಟುವ ದಕ್ಕೆಯಲ್ಲಿದ್ದರು. ಗಾಳಿಗೆ ಹಳೆ ಮೀನಿನ ನಾತ ಮುಖಕ್ಕೆ ಹೊಡೆಯುತ್ತಿತ್ತು. ತಕ್ಕಡಿಯ ಹತ್ತಿರ ನಿಂತಿದ್ದ ಲೈಮನ್, ಬಕೀಟು ಕಂಡವನೇ ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟ.

"ಏನೋ ಲೈಮನ್, ಮಾಲು ವಾಪಸ್ ಬಂತಾ?" ಎಂದ ತೂಕದವನು. ಉಳಿದವರು ನಕ್ಕರು. ವರ್ನಾ ನಗಲಿಲ್ಲ. ಅದನ್ನು ನೋಡಿ ಅವರೂ ನಿಲ್ಲಿಸಿದರು.

"ಚಿಕ್ಕದಾಯ್ತಾ ಆಂಟಿ?" ಲೈಮನ್ ಹತ್ತಿರ ಬಂದು ಮೆಲ್ಲಗೆ ಕೇಳಿದ. "ನಾಳೆ ದೊಡ್ಡದು ತರ್ತೀನಿ."

"ಚೆನ್ನಾಗಿವೆ ಕಣೋ. ತಿಂದ್ರೆ ಮುಗೀತು ಅಂತಾಗುತ್ತೆ. ನನಗೆ ಮುಗಿದಿಲ್ಲ." ಅವಳು ಬಕೀಟು ಕೆಳಗಿಟ್ಟು, ಕೋಟಿನಿಂದ ಮಡಿಸಿದ ಕಾಗದ ತೆಗೆದು ದಕ್ಕೆಯ ಗೂಟದ ಮೇಲಿಟ್ಟು, ಹಾರದಂತೆ ಅಂಗೈ ಊರಿದಳು. "ಓದು. ಆ ದಿನ ನಿನಗೆ ವಿಮೆ ಇರ್ಲಿಲ್ಲ ಅಂತ ಇದೆ, ನೀನು ಸಹಿ ಹಾಕ್ಬೇಕು."

ಓದಿದ. ಎರಡು ಸಲ ಓದಿದ. "ವಿಮೆ ಕಂಪನಿಯವರು ನಿಮಗೆ ದುಡ್ಡು ಕೊಟ್ಟು ಆಮೇಲೆ ನನ್ನ ಬೆನ್ನು ಹತ್ತಲ್ವಾ?"

"ಹತ್ತಬಹುದು. ಹತ್ತಲ್ಲ ಅಂತ ನಿನಗೆ ಸುಳ್ಳು ಹೇಳಲ್ಲ."

"ಗಾಡಿ ಓಡಿಸೋ ಲೈಸೆನ್ಸೂ ಹೋಗುತ್ತೆ. ದೋಣಿಗೆ ನಡ್ಕೊಂಡು ಬರ್ಲಾ?"

"ಅರ್ಲೀನ್ ನಸುಕಿಗೇ ಎದ್ದು ನನ್ನ ತಲೆ ತಿಂತಾಳೆ. ಅವಳೇ ನಿನ್ನನ್ನ ಕಾರಲ್ಲಿ ದೋಣಿಗೆ ಬಿಟ್ಟು ಬರ್ತಾಳೆ."

"ನಾನ್ಯಾಕೆ!" ಎಂದಳು ಕಾರಿನೊಳಗೇ ಕೂತಿದ್ದ ಅರ್ಲೀನ್.

ಲೈಮನ್ ಕಾಗದ ಬಿಟ್ಟು ನೀರಿನ ಕಡೆ ತಿರುಗಿದ. "ಬಾಗಿಲು ಹಾಕಿಕೊಟ್ಟೆ. ನಮ್ಮಲ್ಲಿ ಹೀಗೆ ಕಾಗದ ತಗೊಂಡು ಯಾರೂ ಬಂದಿಲ್ಲ, ಆಂಟಿ."

"ಬಂದಿಲ್ಲ. ನಾನೇ ಮೊದಲನೆಯವಳು." ಅವಳ ದನಿ ಏರಲಿಲ್ಲ. "ಆ ದಿನ ಹೋಗಲಿ ಬಿಡು ಅಂದಿದ್ದು ನನ್ನ ತಪ್ಪು. ನೀನು ಬರೆದುಕೊಡದಿದ್ರೆ ಇಲ್ಲಿಂದ ಸೀದಾ ಪೊಲೀಸ್ ಠಾಣೆಗೆ ಹೋಗ್ತೀನಿ. ನೀನು ನನ್ನ ಅಡುಗೆಮನೇಲಿ ಕೂತು ಬೆಳೆದವನು, ಅದಕ್ಕೇ ಮೊದಲು ಇಲ್ಲಿಗೆ ಬಂದೆ."

ವರ್ನಾ ಕಾಗದವನ್ನು ಕೋಟಿಗೆ ಸಿಕ್ಕಿಸಿಕೊಂಡು ಬಕೀಟಿನಿಂದ ಒಂದು ಲಾಬ್‌ಸ್ಟರ್ ಎತ್ತಿದಳು. ನೀರಿಗೆ ಬಿಡಬೇಕೆಂದರೆ ಚಿವುಟದಂತೆ ಅದರ ಇಕ್ಕುಳಗಳಿಗೆ ಹಾಕಿದ ರಬ್ಬರ್ ಬ್ಯಾಂಡು ತೆಗೆಯಬೇಕು. ಒಂದೇ ಕೈಯಲ್ಲಿ ಅದು ಆಗುವ ಕೆಲಸವಲ್ಲ. ಹೊಟ್ಟೆಗೆ ಒತ್ತಿ ಹಿಡಿದಳು. ಹಲ್ಲಿನಿಂದ ಎಳೆಯಲು ನೋಡಿದಳು. ಬ್ಯಾಂಡು ಜಾರಿತು. ಮತ್ತೆ ಎಳೆದಳು. ತೂಕದವನು ಮುಖ ಬೇರೆ ಕಡೆ ಮಾಡಿಕೊಂಡ.

"ಕೊಡಿ ಇಲ್ಲಿ," ಎಂದ ಲೈಮನ್.

ಎರಡು ಬ್ಯಾಂಡೂ ಬಿಚ್ಚಿ, ಬಗ್ಗಿ ನೀರಿಗೆ ಬಿಟ್ಟ. ಆಮೇಲೆ ಇನ್ನೊಂದು. ಅವಳು ಎತ್ತಿ ಕೊಡುತ್ತಿದ್ದಳು, ಅವನು ಬಿಚ್ಚುತ್ತಿದ್ದ. ಆರನೆಯದೂ ಬಾಲ ಬಡಿದು ಕಪ್ಪು ನೀರಿನೊಳಗೆ ಹಿಂದಕ್ಕೆ ಸರಿದು ಹೋಯಿತು. ಲೈಮನ್ ಅಂಗೈಯಲ್ಲಿದ್ದ ಬ್ಯಾಂಡುಗಳನ್ನು ಜೇಬಿಗೆ ಹಾಕಿಕೊಂಡು, ಪ್ಯಾಂಟಿಗೆ ಕೈ ಒರೆಸಿಕೊಂಡು ಅವಳ ಪೆನ್ನಿಗೆ ಕೈ ಚಾಚಿದ.

ಅವಳು ಮತ್ತೆ ಗೂಟದ ಮೇಲೆ ಹಾಸಿದ ಕಾಗದದ ತುದಿಗಳನ್ನು ಗಾಳಿ ಎತ್ತುತ್ತಲೇ ಇತ್ತು. ಆ ತುದಿಯನ್ನು ಅವಳು ಒತ್ತಿ ಹಿಡಿದಳು, ಈ ತುದಿಯನ್ನು ಅವನು. ಅವನ ಹೆಬ್ಬೆರಳು ಒತ್ತಿದ ಕಡೆ ಉಪ್ಪುನೀರಿನ ಕಲೆಯೊಂದು ಮೆಲ್ಲಗೆ ಹರಡುತ್ತಿತ್ತು.