ಪಾಠದಜ್ಜಿಗೆ ಗೊತ್ತಿಲ್ಲದ್ದು

"ಓರೆ ಮಾಡಮ್ಮ, ಓರೆ ಮಾಡು! ಇನ್ನೊಂಚೂರು ಎತ್ತು!" ಎಂದು ಕಿರಾಣಿ ಅಂಗಡಿಯವನು ಕೂಗಿದ.

ಮೇಜಿನ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಆ ತುದಿಯಲ್ಲಿದ್ದ ಲಾಂಡ್ರಿಯವಳು ಉಸಿರು ಬಿಗಿಹಿಡಿದು ಎತ್ತಿದಳು. ಆಸ್ಪತ್ರೆಯಿಂದ ಪಾಠದಜ್ಜಿಯ ದೇಹ ಬರುವುದರೊಳಗೆ ಮುಂದಿನ ಕೋಣೆ ಖಾಲಿಯಾಗಬೇಕಿತ್ತು. ಬೀದಿಯ ಮಕ್ಕಳೆಲ್ಲ ಸಂಜೆಹೊತ್ತು ಸುತ್ತ ಕೂತು ಓದುತ್ತಿದ್ದ ಮೇಜು ಕೊನೆಗೂ ಹೊರಗೆ ಬಂದು ಗೋಡೆಗೊರಗಿತು.

ಲಾಂಡ್ರಿಯವಳಿಗೆ ಅಳು ಬರಬೇಕಿತ್ತು, ಬಂದದ್ದು ಭಯ. ಸೋಮವಾರ ಮಗಳಿಗೆ ಗಣಿತದ ಪರೀಕ್ಷೆ. ಇನ್ನು ಯಾರ ಬಾಗಿಲು ತಟ್ಟುವುದು? ಸತ್ತವರ ಮನೆಯಲ್ಲಿ ನಿಂತು ಇಂಥ ಯೋಚನೆಯೇ ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಭಯ ಹೋಗುತ್ತದೆಯೇ?

*

ಎರಡು ವರ್ಷದ ಹಿಂದೆ ಮಗಳು ಗಣಿತದಲ್ಲಿ ಡುಮ್ಕಿ ಹೊಡೆದಾಗ ಅವಳು ಟ್ಯೂಷನ್ ಹುಡುಕಿಕೊಂಡು ಅಲೆಯದ ಬೀದಿಯಿರಲಿಲ್ಲ. ಗಾಜಿನ ಬಾಗಿಲಿನ ಟ್ಯೂಷನ್ ಸೆಂಟರಿನಲ್ಲಿ ಫೀಸು ಕೇಳಿ, "ಮನೇಲಿ ಕೇಳಿ ಬರ್ತೀನಿ" ಎಂದು ಹೊರಗೆ ಬಂದಿದ್ದಳು. ಮನೆಯಲ್ಲಿ ಕೇಳಲು ಮಗಳ ಹೊರತು ಯಾರೂ ಇರಲಿಲ್ಲ. ಕಡಿಮೆಗೆ ಒಪ್ಪಿಕೊಂಡ ಕಾಲೇಜು ಹುಡುಗಿ ಮೊಬೈಲಿನಿಂದ ಕಣ್ಣೆತ್ತುತ್ತಿರಲಿಲ್ಲ. ತಾನೇ ಹೇಳಿಕೊಡೋಣವೆಂದರೆ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಗಳು ಪುಸ್ತಕ ಹಿಡಿದು ಬಂದರೆ ಸಾಕು, "ಒಲೆ ಮೇಲೆ ಹಾಲಿದೆ" ಎಂದು ಎದ್ದು ಹೋಗುತ್ತಿದ್ದಳು. ಎಷ್ಟೋ ಸಲ ಒಲೆಯೇ ಹಚ್ಚಿರುತ್ತಿರಲಿಲ್ಲ.

ಪಾಠದಜ್ಜಿ ಸಿಕ್ಕಿದ್ದು ಲಾಂಡ್ರಿಯ ಕೌಂಟರಿನಲ್ಲಿ. ದಪ್ಪ ಕನ್ನಡಕ, ಬೀದಿಯ ಕೊನೆಯವರೆಗೂ ಕೇಳಿಸುವ ದನಿ. ಮನೆಯಲ್ಲಿ ಮಕ್ಕಳನ್ನು ಓದಿಸುತ್ತಾಳೆಂದು ಯಾರೋ ಹೇಳಿದ್ದರು.

"ನೀವು ಟೀಚರಾಗಿದ್ರಾ, ಅಜ್ಜಿ?"

"ಆಯಸ್ಸೆಲ್ಲ ಶಾಲೆಯಲ್ಲೇ ಸವೆಸಿದ್ದೀನಮ್ಮ."

"ಫೀಸು..."

"ಕೈಲಾದಷ್ಟು ಕೊಡು. ಆಗದಿದ್ದ ತಿಂಗಳು ಮುಖ ಮರೆಸಿಕೊಂಡು ಓಡಾಡಬೇಡ, ಅಷ್ಟೇ."

ಲಾಂಡ್ರಿಯವಳು ಹಿಂದುಮುಂದು ವಿಚಾರಿಸಲಿಲ್ಲ. ಮಗಳು ಆಮೇಲೆ ಒಂದು ಪರೀಕ್ಷೆಯಲ್ಲೂ ಫೇಲಾಗಲಿಲ್ಲ.

*

ವ್ಯಾನು ಬಂತು. ಜೊತೆಗೆ ಅಜ್ಜಿಯ ತಂಗಿಯೂ ಬಂದಳು. ದೇಹವನ್ನು ಕೋಣೆಯಲ್ಲಿ ಮಲಗಿಸಿದ್ದಾಯಿತು. ಹೂವಿಟ್ಟವರು ಬಾಡಿಗೆ ಕುರ್ಚಿಗಳಲ್ಲಿ ಕೂತರು.

"ಎಂಥಾ ಟೀಚರು ನಿಮ್ಮಕ್ಕ!" ಎಂದು ಅಂಗಡಿಯವನು ತಂಗಿಯ ಪಕ್ಕ ಕೂತು ನಿಟ್ಟುಸಿರಿಟ್ಟ. "ನನ್ನ ಮಗನ ತಲೆ ಬಂಡೆಗಲ್ಲು. ಅದರೊಳಗೂ ಲೆಕ್ಕ ತುಂಬಿದ್ರು."

ತಂಗಿ ಕಣ್ಣೊರೆಸುವುದನ್ನು ನಿಲ್ಲಿಸಿದಳು. "ಯಾರು ಟೀಚರು?"

"ನಿಮ್ಮಕ್ಕ ಕಣಮ್ಮ. ಶಾಲೇಲಿ..."

"ಶಾಲೇಲಿ ಗಂಟೆ ಹೊಡೀತಿದ್ಲಪ್ಪ. ಕಸ ಗುಡಿಸ್ತಿದ್ಲು. ತನ್ನ ಹೆಸರು ಬರೆದ್ರೂ ಅಕ್ಷರ ಒಂದೊಂದು ಒಂದೊಂದು ದಿಕ್ಕಿಗೆ ಓಡ್ತಿತ್ತು!" ಅವಳಿಗೆ ನಗು ಉಕ್ಕಿತು, ಹಿಂದೆಯೇ ಅಳು.

"ಹಂಗಾದ್ರೆ ನಮ್ಮ ಕಣ್ಣಿಗೆ ಮಣ್ಣೆರಚಿದ್ಲಾ ಮುದುಕಿ?"

"ಬಾಗಿಲಿಗೆ ಟೀಚರು ಅಂತ ಬೋರ್ಡು ಹಾಕಿದ್ಲಾ? ನೀವೇ ಅಂದ್ಕೊಂಡ್ರಿ. ನಿಮ್ಮ ಬಂಡೆಗಲ್ಲು ಪಾಸಾಗಿದ್ದು ಸುಳ್ಳಾ, ಹೇಳಿ ನೋಡೋಣ."

ಅಂಗಡಿಯವನು ಕುರ್ಚಿಯನ್ನು ಒಂಚೂರು ಆಚೆ ಸರಿಸಿಕೊಂಡ.

ಲಾಂಡ್ರಿಯವಳು ಕುರ್ಚಿಯಿಂದ ಎದ್ದಳು. ಹೊರಗೆ ಮೇಜಿನ ಬಳಿ ನಿಂತಿದ್ದ ಮಗಳನ್ನು ಪಕ್ಕಕ್ಕೆ ಕರೆದಳು.

"ಗುಬ್ಬಿ, ಅಜ್ಜಿಗೆ ಲೆಕ್ಕವೇ ಬರ್ತಿರಲಿಲ್ವಂತೆ ಕಣೇ."

"ಹೂಂ. ನಮಗೆಲ್ಲ ಗೊತ್ತಿತ್ತು."

"ಗೊತ್ತಿತ್ತಾ! ಮತ್ತೆ ಯಾರೇ ಹೇಳಿಕೊಡ್ತಿದ್ದಿದ್ದು?"

"ನಾವು ಅಜ್ಜಿಗೆ ಹೇಳಿಕೊಡ್ತಿದ್ವಿ. ಅವತ್ತಿನ ಪಾಠ ಅವರಿಗೆ ಅರ್ಥ ಆಗೋವರೆಗೂ ಯಾರೂ ಏಳೋ ಹಾಗಿರಲಿಲ್ಲ. ಅವರಿಗೋ, ಬೇಗ ಅರ್ಥಾನೇ ಆಗ್ತಿರಲಿಲ್ಲ. 'ಅದು ಹೆಂಗೆ, ಇದು ಯಾಕೆ' ಅಂತ ಪ್ರಾಣ ತಿಂತಿದ್ರು. ನಾವೇ ಪುಸ್ತಕ ನೋಡಿ, ಜಗಳ ಆಡಿ..." ಹುಡುಗಿ ಮೇಜಿನ ಕಡೆ ತಿರುಗಿದಳು. "ಈ ಕೊನೇ ಪಾಠ ಯಾರಿಗೂ ಹೇಳಿಲ್ಲಮ್ಮ. ಅವರು ಆಸ್ಪತ್ರೇಲಿದ್ರಲ್ಲ. ಅದಕ್ಕೇ ತಲೆಗೆ ಹತ್ತಿಲ್ಲ."

ಲಾಂಡ್ರಿಯವಳು ಬಾಗಿಲಾಚೆಗೆ, ಹೂವಿನ ನಡುವೆ ಕಾಣುತ್ತಿದ್ದ ಮುಖದ ಕಡೆ ನೋಡಿದಳು. ಮಗಳಿಗೆ ಬೇಕಾಗಿದ್ದುದು ಲೆಕ್ಕ ಗೊತ್ತಿಲ್ಲದವರು! ಅಷ್ಟಕ್ಕಾಗಿ ತಾನು ಊರೆಲ್ಲ ಅಲೆದಿದ್ದಳೇ?

*

ಸ್ಮಶಾನದಿಂದ ಹಿಂತಿರುಗಿದ ಜನ ಒಬ್ಬೊಬ್ಬರಾಗಿ ಮನೆಗೆ ಹೊರಟರು. ಬಾಡಿಗೆಯವನು ಕುರ್ಚಿಗಳನ್ನು ಒಂದರೊಳಗೊಂದು ಪೇರಿಸತೊಡಗಿದ. ಲಾಂಡ್ರಿಯವಳು ಮಾತ್ರ ಮಗಳೊಂದಿಗೆ ಮೇಜಿನ ಪಕ್ಕ ಕೂತೇ ಇದ್ದಳು.

"ಎಲ್ಲಿ, ಆ ಪಾಠ ನನಗೆ ಹೇಳು."

ಮಗಳು ಅನುಮಾನದಿಂದ ನೋಡಿದಳು. "ಒಲೆ ಮೇಲೆ ಹಾಲಿಲ್ವಾ?"

"ಇಲ್ಲ ಕಣೇ ತರಲೆ. ಹೇಳು."

ಗುಬ್ಬಿ ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಗೀಚಿದಳು. "ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಬೇಕು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಐದರಲ್ಲಿ ಎರಡು ಬಂತು. ಅರ್ಥ ಆಯ್ತಾ?"

"ಇಲ್ಲ. ಐದರಲ್ಲಿ ಎರಡು ಅಂದ್ರೆ?"

"ಐದು ಅಂಗಿಯಲ್ಲಿ ಎರಡಕ್ಕೆ ಇಸ್ತ್ರಿ ಆದ ಹಾಗೆ."

"ಅರ್ಧ ಕೆಲಸವೂ ಆಗಿಲ್ಲ ಅನ್ನು." ಲಾಂಡ್ರಿಯವಳು ಹುಬ್ಬು ಗಂಟಿಕ್ಕಿದಳು. "ಆದ್ರೆ ಅರ್ಧ ಮೊದಲೇ ಆಗಿತ್ತು ಅಂದೆಯಲ್ಲ? ಅದಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಕಮ್ಮಿ ಹೇಗಾಯ್ತೇ?"

ಗುಬ್ಬಿ ಉತ್ತರ ಕೊಡಲು ಹೊರಟು ತಡೆದಳು. ನೆಲ ನೋಡಿದಳು, ಅಮ್ಮನ ಮುಖ ನೋಡಿದಳು. "ಇರು, ಇರು," ಎನ್ನುತ್ತಾ ಬರೆದದ್ದನ್ನು ಹಿಮ್ಮಡಿಯಿಂದ ಅಳಿಸಿದಳು. "ಆರು ಅಂಗಿ ಇಟ್ಕೋ. ಅರ್ಧ ಅಂದ್ರೆ ಮೂರು. ಮೂರನೇ ಒಂದು ಭಾಗ ಅಂದ್ರೆ... ಎರಡು. ಅಮ್ಮಾ! ಐದು! ಆರರಲ್ಲಿ ಐದು!"

"ಎರಡು ಎಲ್ಲಿಂದ ಬಂತು?"

"ಅಯ್ಯೋ, ಅಷ್ಟೂ ಗೊತ್ತಾಗಲ್ವಾ ನಿನಗೆ?" ಎಂದು ಗುಬ್ಬಿ ಹಣೆ ಚಚ್ಚಿಕೊಂಡಳು. ದೂರ ನಿಂತಿದ್ದ ಮಕ್ಕಳು ತಾವು ಹೇಳುತ್ತೇವೆ, ತಾವು ಹೇಳುತ್ತೇವೆ ಎಂದು ನುಗ್ಗಿ ಬಂದರು.

"ಅಕ್ಕಾ, ಇದೊಂದೇ ಕುರ್ಚಿ ಬಾಕಿ," ಎಂದ ಬಾಡಿಗೆಯವನು.

ಅವಳು ಗೀಟುಗಳಿಂದ ಕಣ್ಣು ತೆಗೆಯದೆ ಎದ್ದು, ಕುರ್ಚಿಯನ್ನು ಕಾಲಿನಿಂದಲೇ ಹಿಂದಕ್ಕೆ ಸರಿಸಿ, ಮಕ್ಕಳ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.