ಮದ್ದು ಹಾಕಿದವಳು

ಬಚ್ಚಲಿನ ಜಾಲರಿಗೆ ಸಿಕ್ಕಿಕೊಂಡಿದ್ದ ಕೂದಲಿನ ಮುದ್ದೆಯನ್ನು ಮೀನಾಕ್ಷಮ್ಮ ಕಡ್ಡಿಯಿಂದ ಎತ್ತಿ, ಹಿತ್ತಲ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಸೊಸೆಯ ಉದ್ದ ಕೂದಲಲ್ಲ, ಮಗನ ಗಿಡ್ಡ ಕೂದಲು.

“ಇದು ಸುಮ್ನೆ ಉದುರೋದಲ್ಲ ಕಣೆ ತನುಜಾ,” ಎಂದರು. “ನಮ್ಮ ನಾಗುಗೆ ಯಾರೋ ಮದ್ದು ಹಾಕಿದಾರೆ. ತಲೆ ಮೇಲೆ ಇರ್ಬೇಕಾದ ಕೂದ್ಲು ಹೊಟ್ಟೆ ಒಳಗೆ ಬೆಳೀತಾ ಇದೆ.”

ಸೌತೆಕಾಯಿ ಹೆಚ್ಚುತ್ತಿದ್ದ ತನುಜಾಳ ಕೈ ನಿಂತುಹೋಯಿತು.

ಹೊಸನಗರದ ಆ ಕಡೆಯ ಹಳ್ಳಿಗಳಲ್ಲಿ ಮದ್ದು ಎಂಬ ಮಾತಿಗೆ ಎರಡು ಮುಖ. ಜ್ವರ ಬಂದಾಗ ನುಂಗುವುದೂ ಮದ್ದು. ಗಂಡಸನ್ನು ಕೈಯೊಳಗೆ ಇಟ್ಟುಕೊಳ್ಳಲು ಅನ್ನದಲ್ಲೋ ಹಾಲಲ್ಲೋ ಕದ್ದು ಸೇರಿಸುತ್ತಾರೆ ಎಂದು ಜನ ಪಿಸುಗುಡುವುದೂ ಮದ್ದೇ. ಮದ್ದು ತಗೊಂಡ ಎಂದರೆ ಅವನು ರೋಗಿ. ಮದ್ದು ಹಾಕಿದಳು ಎಂದರೆ ಅವಳ ಕೈಯಿಂದ ಆಮೇಲೆ ಯಾರೂ ನೀರು ಕೂಡ ಮುಟ್ಟುವುದಿಲ್ಲ. ಹಾಕಿಸಿಕೊಂಡವನು ಸೊರಗುತ್ತಾನಂತೆ, ಅವನ ಕೂದಲು ಉದುರುತ್ತದಂತೆ, ಹೆಂಡತಿಯನ್ನು ಬಿಟ್ಟು ಬೇರೆಯವರ ಮಾತು ಅವನ ಕಿವಿಗೆ ಹೋಗುವುದಿಲ್ಲವಂತೆ.

ತನುಜಾ ಸಾಗರದ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು. ಇದನ್ನೆಲ್ಲ ನಂಬುವವಳಲ್ಲ. ಆದರೂ ಅವಳ ಎದೆ ಡವಗುಟ್ಟಿತು. ಯಾಕೆಂದರೆ, ಅಡುಗೆಮನೆಯ ಮಾಡದಲ್ಲಿ, ಮೆಂತ್ಯದ ಡಬ್ಬಿಯ ಹಿಂದೆ ಒಂದು ಪುಡಿಯ ಪೊಟ್ಟಣವಿತ್ತು. ರಾತ್ರಿಯ ಹಾಲಿಗೆ ಗಂಡನಿಗೆ ಗೊತ್ತಾಗದ ಹಾಗೆ ಅದನ್ನು ಬೆರೆಸಿ ಕೊಡುತ್ತಿದ್ದವಳು ಅವಳೇ.

ಮದುವೆಯಾಗಿ ಎರಡು ವರ್ಷ ಕಳೆದಿತ್ತು. ನಾಗೇಂದ್ರ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಮಾತು ಮೃದು, ಕುಡಿತವಿಲ್ಲ, ಕೈಯೆತ್ತಿದವನಲ್ಲ. ಆದರೆ ಹಾಸಿಗೆಗೆ ಬಂದರೆ ಬೇರೆಯೇ ಮನುಷ್ಯ. ಹತ್ತಿರ ಬರುತ್ತಿದ್ದ, ಬೆವರುತ್ತಿದ್ದ, ಅವನಿಂದ ಆಗುತ್ತಿರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ, “ಡ್ಯೂಟಿ ಸುಸ್ತು,” ಎನ್ನುತ್ತಿದ್ದ. ಕೊನೆಕೊನೆಗೆ ಹತ್ತಿರ ಬರುವುದನ್ನೇ ಬಿಟ್ಟ. ಒಂದು ಭಾನುವಾರ ಅವನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಅವಳಿಗೆ ಕೇಳಿಸಿತ್ತು. ಕೇಳಿಸದವಳ ಹಾಗೆ ದೋಸೆ ಹುಯ್ದಿದ್ದಳು.

“ಡಾಕ್ಟರ ಹತ್ರ ಹೋಗಿ ಬರೋಣ,” ಎಂದು ಒಮ್ಮೆ ಮಾತ್ರ ಬಾಯಿ ತೆರೆದದ್ದುಂಟು.

“ಎಂತಕ್ಕೆ? ನಾನು ಗಂಡಸಲ್ಲ ಅಂತ ಚೀಟಿ ಬರೆಸ್ಕೊಂಡು ಬರೋದಕ್ಕಾ?” ಎಂದಿದ್ದ. ಆ ವಾರವಿಡೀ ಮಾತು ಬಿಟ್ಟ.

ಅದರ ಜೊತೆಗೆ ಕೂದಲು. ಹಣೆಯ ಅಂಚು ದಿನದಿನಕ್ಕೂ ಹಿಂದೆ ಸರಿಯುತ್ತಿತ್ತು. ನೀಲಿ ಟೋಪಿಯೊಂದನ್ನು ತಂದು ಹಾಕಿಕೊಂಡವನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅವನು ಏಳುವ ಮೊದಲೇ ದಿಂಬಿನ ಮೇಲಿನ ಕೂದಲನ್ನು ಆರಿಸಿ ತೆಗೆಯುವುದು ತನುಜಾಳ ಬೆಳಗಿನ ಮೊದಲ ಕೆಲಸವಾಗಿತ್ತು. ಕಂಡರೆ ಆ ದಿನ ಅವನಿಗೆ ತಿಂಡಿ ಸೇರುತ್ತಿರಲಿಲ್ಲ.

ಒಮ್ಮೆ ಅವನದೇ ಬಸ್ಸಿನಲ್ಲಿ ಅವಳು ಸಾಗರಕ್ಕೆ ಹೊರಟಿದ್ದಳು. ಬಟ್ಟೆಮಲ್ಲಪ್ಪದಲ್ಲಿ ಹತ್ತಿದ ಮಾಸ್ತಪ್ಪ, ದಿನಾ ಓಡಾಡುವ ಗಿರಾಕಿ, ಕೂರುವ ಮೊದಲೇ ಶುರು ಮಾಡಿದ. “ಎಂತ ಮಾರಾಯ ನಾಗೇಂದ್ರ, ಟೋಪಿಗೆ ಹಾಫ್ ಟಿಕೆಟ್ಟಾ, ಫುಲ್ಲಾ?”

“ತೆಗೆಸಬೇಡಿ ಮಾರಾಯ್ರೆ,” ಎಂದು ಹಿಂದಿನ ಸೀಟಿನವನೊಬ್ಬ ಸೇರಿಸಿದ. “ಬಿಸಿಲು ಬಡಿದ್ರೆ ಡ್ರೈವರಿಗೆ ಕನ್ನಡೀಲಿ ರಸ್ತೆ ಕಾಣೂದಿಲ್ಲ.”

“ತಲೆ ಹೋಗ್ಲಿ, ತೊಟ್ಟಿಲು ಯಾವಾಗ ಕಟ್ತೀಯ? ಅದಕ್ಕೂ ಟೋಪಿ ಹಾಕಿ ಇಟ್ಟಿದೀಯನಾ?”

ಬಸ್ಸೆಲ್ಲ ನಕ್ಕಿತು. ನಾಗೇಂದ್ರನೂ ನಕ್ಕು, “ರೈಟ್, ರೈಟ್!” ಎಂದು ಬೇಕಾದ್ದಕ್ಕಿಂತ ಜೋರಾಗಿ ಕೂಗಿದ. ಟಿಕೆಟ್ ಹರಿಯುತ್ತ ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡದ್ದನ್ನು ಹೆಂಗಸರ ಸೀಟಿನಿಂದ ತನುಜಾ ಒಬ್ಬಳೇ ನೋಡಿದಳು.

ಆ ದಿನ ಅವಳು ಹೋದದ್ದು ನಾಟಿ ವೈದ್ಯರ ಮನೆಗೆ. ಹೆಗ್ಗೋಡಿನ ಗೆಳತಿ ಶರಾವತಿ ದಾರಿ ಹೇಳಿದ್ದಳು. ವೈದ್ಯರು ಹೆಚ್ಚು ಕೇಳಲಿಲ್ಲ. ಪುಡಿ ಕಟ್ಟಿಕೊಟ್ಟು, “ತಗಣೋರಿಗೂ ಹೇಳ್ಬೇಡಿ, ಮನೇಲೂ ಬಾಯಿ ಬಿಡ್ಬೇಡಿ. ಹೇಳಿದ ಮದ್ದು ಹತ್ತೂದಿಲ್ಲ,” ಎಂದರು. ಆ ಕಟ್ಟಳೆ ತನುಜಾಳಿಗೂ ಗೊತ್ತಿದ್ದದ್ದೇ. ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಿದ್ದ ಅವಳ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಮಾತಾಡದೆ ಗುಣವಾಗುವುದಾದರೆ ಅದಕ್ಕಿಂತ ಇನ್ನೇನು ಬೇಕು ಎಂದು ಪೊಟ್ಟಣವನ್ನು ಬ್ಯಾಗಿನ ತಳಕ್ಕೆ ಸೇರಿಸಿದ್ದಳು.

ಗುಣವಂತೂ ಕಾಣಲಿಲ್ಲ. ಮೀನಾಕ್ಷಮ್ಮ ಸಿಗಂದೂರಿಗೆ ಹರಕೆ ಹೊತ್ತದ್ದಾಯಿತು, “ಎಂತದೂ ವಿಶೇಷ ಇಲ್ವನೇ?” ಎಂದು ಸೊಸೆಯನ್ನು ಕೇಳಿ ಕೇಳಿ ಸಾಕಾದದ್ದೂ ಆಯಿತು. ಈಗ ಈ ಕೂದಲಿನ ಮುದ್ದೆ.

“ಮಾಸ್ತಿಕಟ್ಟೆ ಹತ್ರ ದುಗ್ಗಮ್ಮ ಅಂತ ಇದಾರೆ. ಮದ್ದು ತೆಗೀತಾರೆ,” ಎಂದರು ಮೀನಾಕ್ಷಮ್ಮ ಆ ಸಂಜೆ ಮಗನಿಗೆ. “ನಾಳೆ ರಜ ಹಾಕು.”

ನಾಗೇಂದ್ರ ಒಲ್ಲೆ ಎನ್ನುತ್ತಾನೆಂದು ತನುಜಾ ಕಾದಳು. ಅವನು ತಟ್ಟೆಯನ್ನೇ ನೋಡುತ್ತ ಕೂತಿದ್ದ. ಮುಖದಲ್ಲಿ ಎಂಥದೋ ಆಸೆ ಸುಳಿಯಿತು. ತನ್ನದೇನೂ ತಪ್ಪಿಲ್ಲ, ಯಾರೋ ಮಾಡಿದ್ದು ಎಂದರೆ ಎಷ್ಟು ಹಗುರ! “ಆಯ್ತು,” ಎಂದ.

ದುಗ್ಗಮ್ಮ ಕೆಟ್ಟ ಹೆಂಗಸೇನಲ್ಲ. ಎಲೆಅಡಿಕೆಯ ಕವಳ ಜಗಿಯುತ್ತ ಜಗಲಿಯಲ್ಲಿ ಕೂತಿದ್ದ ಮುದುಕಿ, ನಾಗೇಂದ್ರನನ್ನು ಎದುರಿಗೆ ಕೂರಿಸಿಕೊಂಡು, “ಟೋಪಿ ತೆಗಿ ಮಗ,” ಎಂದರು. ಅವನು ತೆಗೆದ. ತಾಯಿ ಸೆರಗು ಬಾಯಿಗೆ ಹಿಡಿದರು.

“ಯಾರ ಕೈ ಊಟ ನಿಂದು?”

“ಮನೇದೇ. ಅಮ್ಮಂದು.”

“ರಾತ್ರಿ ಹಾಲು?”

“ಇವಳು ಕೊಡ್ತಾಳೆ.”

ದುಗ್ಗಮ್ಮ ತನುಜಾಳ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ, ಸುಮ್ಮನೆ ನೋಡಿದ್ದು. ಆಮೇಲೆ ಯಾವುದೋ ಸೊಪ್ಪಿನ ರಸವನ್ನು ಅವನ ಅಂಗೈಗೆ ಹಿಂಡಿ, ಹಾಲಿನ ಹನಿ ಬಿಟ್ಟು, ಬೆರಳಿನಿಂದ ತಿಕ್ಕಿದರು. ರಸ ಮೊಸರಿನ ಹಾಗೆ ಗಟ್ಟಿಯಾಯಿತು. “ಇದೆ,” ಎಂದರು. “ಹಳೇದಲ್ಲ. ಈಗಲೂ ಬೀಳ್ತಾ ಇದೆ.”

ಬಟ್ಟಲಲ್ಲಿ ಕಡುಹಸಿರು ರಸ ಬಂತು. ಈಗ ಹೇಳಬೇಕು ಎಂದುಕೊಂಡಳು ತನುಜಾ. ಒಂದು ಪುಡಿ ಆಗಲೇ ಒಳಗಿದೆ, ಇದನ್ನು ಅದರ ಮೇಲೆ ಕುಡಿಸಬೇಡಿ ಎನ್ನಬೇಕು. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿ ಕುಡಿದು ಮುಗಿಸಿದ್ದ.

ಅಂಗಳದ ಮೂಲೆಯಲ್ಲಿ ವಾಂತಿ ಶುರುವಾಯಿತು. ಕೂದಲಿನ ಉಂಡೆ ಬೀಳುತ್ತದೆಂದು ಮೀನಾಕ್ಷಮ್ಮ ಬಗ್ಗಿ ಕಾದರು. ಬೆಳಗಿನ ಅವಲಕ್ಕಿ ಬಿತ್ತು, ಹಸಿರು ನೀರು ಬಿತ್ತು, ಬರೀ ನೊರೆ ಬಿತ್ತು. ಆಮೇಲೆ ನಾಗೇಂದ್ರ ಬಗ್ಗಿದಲ್ಲಿಂದ ಏಳಲು ಹೋಗಿ, ಕಾಲು ಮಡಿಸಿಕೊಂಡು, ಹಾಗೇ ಕುಸಿದ. ಮೈ ತಣ್ಣಗೆ. ಹಣೆಯಲ್ಲಿ ನೀರು ಸುರಿದಂತೆ ಬೆವರು.

“ಇದು ನನ್ನ ಮದ್ದಿಂದ ಆಗೂದಲ್ಲ,” ಎಂದು ದುಗ್ಗಮ್ಮ ಹೆದರಿ ಎದ್ದು ನಿಂತರು. “ಆಸ್ಪತ್ರೆಗೆ ಒಯ್ಯಿ, ಬೇಗ ಒಯ್ಯಿ!”

ಪಕ್ಕದ ಮನೆಯವರ ಜೀಪು ಸಿಕ್ಕಿತು. ತೀರ್ಥಹಳ್ಳಿಯವರೆಗಿನ ತಿರುವುಗಳಲ್ಲಿ ಅವನ ತಲೆ ಅವಳ ತೊಡೆಯ ಮೇಲೆ ಅತ್ತಿಂದಿತ್ತ ಹೊರಳುತ್ತಿತ್ತು. ಟೋಪಿ ಎಲ್ಲಿ ಬಿತ್ತೋ. ತೆಳ್ಳಗಾದ ಆ ನೆತ್ತಿಯ ಮೇಲೆ ಅವಳು ಅಂಗೈ ಇಟ್ಟುಕೊಂಡಳು. ಮದುವೆಯಾದ ಮೇಲೆ ಅಲ್ಲಿ ಕೈಯಿಡಲು ಅವನು ಬಿಟ್ಟದ್ದು ಅದೇ ಮೊದಲು. ಬಿಟ್ಟದ್ದೂ ಅಲ್ಲ, ಅವನಿಗೆ ಎಚ್ಚರವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಹರಿಪ್ರಸಾದ್ ನಾಡಿ ಹಿಡಿದರು, ಬಿ.ಪಿ. ನೋಡಿದರು. ಅವರ ಹುಬ್ಬು ಗಂಟಾಯಿತು. “ಬಿ.ಪಿ. ತೀರಾ ಇಳಿದಿದೆ. ಏನೇನು ಔಷಧಿ ಒಳಗೆ ಹೋಗಿದೆ? ಒಂದೂ ಬಿಡದೆ ಹೇಳಿ. ಗೊತ್ತಿಲ್ದೆ ಏನಾದ್ರೂ ಕೊಟ್ಟರೆ ಜೀವಕ್ಕೇ ಕುತ್ತು ಬರಬಹುದು.”

“ಎಂತದೂ ಇಲ್ಲ ಡಾಕ್ಟ್ರೆ,” ಎಂದರು ಮೀನಾಕ್ಷಮ್ಮ. “ಸೊಪ್ಪಿನ ರಸ ಒಂದು. ಅಷ್ಟೇ.”

ಹೇಳಿದರೆ ಈ ಮನೆಯಲ್ಲಿ ತನಗೆ ಜಾಗವಿಲ್ಲ ಎಂಬುದು ತನುಜಾಳಿಗೆ ಹಗಲಿನಷ್ಟು ಸ್ಪಷ್ಟವಿತ್ತು. ತವರಿನಲ್ಲೂ ಈ ಮಾತು ಅಟ್ಟಿಸಿಕೊಂಡು ಬರುತ್ತದೆ. ತಂಗಿಗೆ ಇನ್ನೂ ಗಂಡು ನೋಡುತ್ತಿದ್ದಾರೆ. ಹೇಳದಿದ್ದರೆ? ಹಾಸಿಗೆಯ ಮೇಲೆ ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಮಾತನ್ನು ಅಳೆದು ಆಡುವವಳು ಅವಳು. ‘ಒಂದು ಪುಡಿ ಕೊಡ್ತಿದ್ದೆ’ ಎನ್ನಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು ಕೂಡ. ಬಾಯಿಗೆ ಬಂದದ್ದೇ ಬೇರೆ.

“ನಾನು ಮದ್ದು ಹಾಕ್ತಿದ್ದೆ. ಹಾಲಲ್ಲಿ.”

ಮೀನಾಕ್ಷಮ್ಮ ಕೂಗಾಡಲಿಲ್ಲ. ಸೊಸೆಯ ಸೀರೆಗೆ ತಾಗುತ್ತಿದ್ದ ತಮ್ಮ ಸೆರಗನ್ನು ಮೆಲ್ಲಗೆ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. “ಹೇಳಿದ್ಲು,” ಎಂದರು, ಯಾರಿಗೆ ಎಂದಿಲ್ಲ. “ತನ್ನ ಬಾಯಲ್ಲೇ ಹೇಳಿದ್ಲು.”

ಡಾಕ್ಟರು ಅವರನ್ನು ಹೊರಗೆ ಕಳಿಸಿದರು. ತನುಜಾ ಬ್ಯಾಗಿನ ತಳದಿಂದ ಪೊಟ್ಟಣ ತೆಗೆದುಕೊಟ್ಟಳು. ಅತ್ತೆಯ ಕೈಗೆ ಸಿಕ್ಕೀತೆಂದು ಬೆಳಗ್ಗೆ ಮಾಡದಿಂದ ತೆಗೆದು ಜೊತೆಗೇ ತಂದಿದ್ದಳು. ಡಾಕ್ಟರು ಮೂಸಿ ನೋಡಿ ಮೇಜಿನ ಮೇಲಿಟ್ಟರು. “ಇದೊಂದರಿಂದ ಹೀಗಾಗಿರಲಿಕ್ಕಿಲ್ಲ. ಇನ್ನೂ ಏನೋ ಇದೆ.”

ಡ್ರಿಪ್ ಏರಿ, ನಾಗೇಂದ್ರ ಕಣ್ಣು ಬಿಟ್ಟಾಗ ಮೊದಲು ಮಾಡಿದ ಕೆಲಸವೆಂದರೆ ತಲೆ ಮುಟ್ಟಿಕೊಂಡದ್ದು. ಟೋಪಿ ಇರಲಿಲ್ಲ. ಹೆಂಡತಿ ಹಾಲಲ್ಲಿ ಹಾಕುತ್ತಿದ್ದ ಪುಡಿಯನ್ನು ತೋರಿಸಿ, ಬೇರೆ ಏನೇನು ತಗೊಂಡಿದ್ದೀರಿ ಎಂದು ಡಾಕ್ಟರು ಕೇಳಿದರು. ಅವನು ಗೋಡೆಯ ಕಡೆ ತಿರುಗಿದ. ಮತ್ತೆ ಕೇಳಿದರು.

“ಕೂದ್ಲು ಮಾತ್ರೆ,” ಎಂದ ಕೊನೆಗೆ. “ದಿನಾ ಒಂದು. ಫ್ರೆಂಡು ಹೇಳಿದ್ದ. ಇವಳನ್ನ ನೋಡೋಕೆ ಹೋಗೋ ಮೊದ್ಲೇ ಶುರು ಮಾಡಿದ್ದು. ತಲೆ ನೋಡಿ ಬೇಡ ಅಂತಾಳೆ ಅಂತ.” ಹೊದಿಕೆಯನ್ನು ಎದೆಗೆ ಎಳೆದುಕೊಂಡ. “ಮದುವೆ ಆದ್ಮೇಲೆ ಅದೂ... ಆಗ್ಲಿಲ್ಲ. ಆ ಮಾತ್ರೆಯಿಂದ ಹಾಗೂ ಆಗ್ತದೆ ಅಂತ ಮೊಬೈಲಲ್ಲಿ ಓದಿದೆ. ಬಿಟ್ರೆ ಕೂದ್ಲು ಹೋಗ್ತದೆ, ತಿಂದ್ರೆ ಇದು ಹೋಗ್ತದೆ. ಅದಕ್ಕೆ ಪವರ್ ಕ್ಯಾಪ್ಸೂಲ್ ತರಿಸ್ದೆ. ಬೆಳಿಗ್ಗೆ ಹೊತ್ತು ತಗೊಳ್ತಿದ್ದೆ. ಇವತ್ತೂ ತಗೊಂಡಿದ್ದೆ. ಎಲ್ಲ ಬ್ಯಾಗಲ್ಲಿದೆ, ಟಿಕೆಟ್ ಬ್ಯಾಗಲ್ಲಿ.” ಸ್ವರ ಒಡೆಯಿತು. “ಎರಡೂ ಹೋಯ್ತು ಡಾಕ್ಟ್ರೆ. ಎರಡೂ.”

ತನುಜಾ ಕಂಬಿ ಹಿಡಿದು ನಿಂತಿದ್ದಳು. ನೋಡಲು ಬಂದ ದಿನ ಅವನ ತಲೆಯನ್ನು ಅವಳು ನೋಡಿಯೇ ಇರಲಿಲ್ಲ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದನಲ್ಲ, ಅದಷ್ಟೇ ನೆನಪು.

“ಕ್ಯಾಪ್ಸೂಲಿನ ಒಳಗೆ ಏನು ತುಂಬಿದಾರೆ ಅಂತ ನನಗೂ ಹೇಳೋಕಾಗಲ್ಲ,” ಎಂದರು ಡಾಕ್ಟರು. “ಬಿ.ಪಿ. ಇಳಿಸೋ ಮಾತ್ರೆಯನ್ನೇ ಕದ್ದು ಸೇರಿಸಿರೋದುಂಟು. ಅದರ ಮೇಲೆ ಅಷ್ಟು ವಾಂತಿ. ಕೂದಲಿನ ಮಾತ್ರೆ ಕೆಲವರಿಗೆ ಹಾಗೆ ಮಾಡ್ತದೆ, ಎಲ್ಲರಿಗೂ ಅಲ್ಲ. ಸಕ್ಕರೆ ಕಾಯಿಲೆಯಿಂದಲೂ ಆಗ್ತದೆ, ಬರೀ ಹೆದರಿಕೆಯಿಂದಲೂ ಆಗ್ತದೆ. ರಕ್ತ ನೋಡೋಣ. ಸರಿಹೋಗ್ತದೆ ಅಂತ ಇವತ್ತೇ ಮಾತು ಕೊಡಲಾರೆ. ಇದು ನಿಮಗೊಬ್ಬರಿಗೇ ಬಂದದ್ದಂತೂ ಅಲ್ಲ. ಮುಂದಿನ ಸಲ ಇಬ್ಬರೂ ಬನ್ನಿ.”

ಡಾಕ್ಟರು ಹೊರಟುಹೋದರು. ಅರೆತೆರೆದ ಬಾಗಿಲಿನಾಚೆ ಬೆಂಚಿನ ಮೇಲಿಂದ ಮೀನಾಕ್ಷಮ್ಮನ ದನಿ ಬರುತ್ತಿತ್ತು. ಗುರುತಿಲ್ಲದ ಯಾರೋ ಹೆಂಗಸಿಗೆ ಹೇಳುತ್ತಿದ್ದರು. “ಸೊಸೇನೇ ಹಾಕಿದ್ದು ಕಣ್ರೀ. ಓದಿದ ಹುಡುಗಿ ಅಂತ ತಂದ್ಕೊಂಡಿದ್ವಿ. ನಾಳೆನೇ ಅವಳ ಅಪ್ಪನ್ನ ಕರೆಸ್ತೀನಿ, ಕರ್ಕೊಂಡು ಹೋಗ್ಲಿ.”

ನಾಗೇಂದ್ರ ಕೇಳಿಸಿಕೊಂಡ. ತನುಜಾ ಅವನ ಮುಖ ನೋಡಿದಳು, ಬೇಡುವ ಹಾಗೆ ನೋಡಿದಳು. ಬಾಯಿ ತೆರೆದು ಏನೂ ಕೇಳಲಿಲ್ಲ. ತಾನು ಕೇಳಿ ಆಡಿಸಿದ ಮಾತು ಅವಳಿಗೆ ಬೇಡವಾಗಿತ್ತು. ಅವನು ಕಣ್ಣು ಮುಚ್ಚಿದ. ಇವನು ಮತ್ತೆ ಗೋಡೆಗೆ ತಿರುಗಿದ, ನನ್ನ ಕಥೆ ಮುಗಿಯಿತು ಎಂದುಕೊಂಡಳು.

“ಅಮ್ಮನ್ನ ಒಳಗೆ ಕರಿ,” ಎಂದ.

ಮೀನಾಕ್ಷಮ್ಮ ಬಂದರು. ಕೈಯಲ್ಲಿ ಹೋಟೆಲಿನಿಂದ ತಂದ ಗಂಜಿಯ ಫ್ಲಾಸ್ಕು.

“ಅಮ್ಮ, ಇವಳು ಎಂತದೂ ಮಾಡಿಲ್ಲ. ಮದ್ದು ತಿಂದಿದ್ದು ನಾನು. ನಾನೇ ಅಂಗಡಿಯಿಂದ ತಂದು ತಿಂದಿದ್ದು.” ಉಸಿರು ಸಾಲದೆ ನಿಂತ. “ಮಕ್ಕಳಾಗದೆ ಇರೋದಕ್ಕೂ ಇವಳು ಕಾರಣ ಅಲ್ಲ. ನನ್ನ ಕೈಯಲ್ಲಿ ಆಗ್ತಿಲ್ಲ ಅಮ್ಮ. ಮದುವೆ ಆದಾಗಿಂದ ಆಗಿಲ್ಲ.”

ತಾಯಿಯ ಮುಖ ಬಿಳಿಚಿತು. ಒಂದು ಗಳಿಗೆ ಎಲ್ಲ ಅರ್ಥವಾದಂತೆ ಕಂಡಿತು. ಆಮೇಲೆ ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು.

“ಅಯ್ಯೋ ಮಗನೇ,” ಎಂದರು. “ನೋಡು, ಹೆತ್ತ ತಾಯಿ ಮುಂದೆ ಎಂಥ ಮಾತು ಆಡಿಸ್ತಾ ಇದೆ ಆ ಮದ್ದು!”

ನಾಗೇಂದ್ರ ಇಷ್ಟು ವರ್ಷ ಎದೆಯೊಳಗೆ ಹುಗಿದಿಟ್ಟದ್ದನ್ನು ಕಿತ್ತು ಕೈಗಿಟ್ಟರೂ ತಾಯಿಗೆ ಕಂಡದ್ದು ಹೆಂಡತಿ ಹಾಕಿದ ಮದ್ದು. ಇನ್ನು ಏನು ಹೇಳಿದರೂ ಅದು ಮದ್ದಿನ ಮಾತೇ. ಅವನ ಗಂಟಲಿನಿಂದ ಹೊರಟದ್ದು ನಗುವೋ ಅಳುವೋ ತನುಜಾಳಿಗೆ ತಿಳಿಯಲಿಲ್ಲ.

ಮೀನಾಕ್ಷಮ್ಮ ಲೋಟಕ್ಕೆ ಗಂಜಿ ಬಗ್ಗಿಸಿ ಮಗನ ಬಾಯಿಯ ಹತ್ತಿರ ತಂದರು. “ಇನ್ನು ಮೇಲೆ ನನ್ನ ಕೈದೇ ಕುಡಿಬೇಕು. ಅವಳ ಕೈಯಿಂದ ಒಂದು ತೊಟ್ಟು ಬೇಡ.”

ನಾಗೇಂದ್ರ ಡ್ರಿಪ್ ಇಲ್ಲದ ಕೈಯಿಂದ ಲೋಟವನ್ನು ತೆಗೆದುಕೊಂಡ. ಕುಡಿಯಲಿಲ್ಲ. ಗಂಜಿ ಹೊದಿಕೆಯ ಮೇಲೆ ತುಳುಕಿತು. ಹಾಗೇ ತುಳುಕಿಸುತ್ತ ಮಂಚದ ಆಚೆ ಬದಿಗೆ ಚಾಚಿದ.

“ತನುಜಾ, ನೀನು ಕುಡಿಸು.”

ಅವಳು ಕದಲಲಿಲ್ಲ. ಅತ್ತೆಯ ಮುಖ ನೋಡಲು ಧೈರ್ಯ ಸಾಲದೆ ಲೋಟವನ್ನೇ ನೋಡುತ್ತ ನಿಂತಳು.

“ಅಮ್ಮ ನೋಡ್ಕೊಂಡು ಇರ್ಲಿ ಬಿಡು,” ಎಂದ ಅವನು, ಮೆಲ್ಲಗೆ. “ಹೇಳಿ ಆಯ್ತಲ್ಲ. ಇನ್ನು ಮದ್ದು ಹತ್ತಿದ್ರೆ ಹತ್ಲಿ, ಬಿಟ್ರೆ ಬಿಡ್ಲಿ.”

ಅವಳು ಲೋಟ ತೆಗೆದುಕೊಂಡು ಇನ್ನೊಂದು ಕೈಯನ್ನು ಅವನ ಬರಿತಲೆಯ ಹಿಂದೆ ಕೊಟ್ಟು ಎತ್ತಿ ಹಿಡಿದಳು. ಅಂಗೈಗೆ ಕೂದಲು ಅಂಟಿತು. ಅವನಿಗೂ ಅದು ಗೊತ್ತಾಯಿತು, ತಲೆ ಸರಿಸಿಕೊಳ್ಳಲಿಲ್ಲ. ತಾಯಿ ನೋಡುತ್ತಿದ್ದಂತೆಯೇ ಒಂದೊಂದೇ ಗುಟುಕು ಕುಡಿದ.