ಓಣಿಗೆ ಚೆಲ್ಲಿದ ಚರಟ

ಕಷಾಯ ಬಸಿದ ಮೇಲೆ ಉಳಿಯುವ ಚರಟವನ್ನು ಓಣಿಗೆ ತಂದು ಸುರಿಯುವ ಪದ್ಧತಿಯನ್ನು ಫೂನ್ ಪಂಡಿತರು ಜೀವಮಾನವಿಡೀ ಆಡಿಕೊಂಡು ನಕ್ಕವರು. ಹೋಗಿಬರುವವರು ಅದನ್ನು ತುಳಿದರೆ ರೋಗ ಅವರ ಕಾಲಿಗೆ ಅಂಟಿಕೊಂಡು ಮನೆ ಬಿಟ್ಟು ಹೋಗುತ್ತದೆಂದು ನದಿ ದಂಡೆಯ ಆ ಪೇಟೆಗೆ ಪೇಟೆಯೇ ನಂಬಿತ್ತು. "ಹಂಗಾದ್ರೆ ನನ್ನ ಅಂಗಡಿ ಯಾಕ್ರಪ್ಪಾ ಬೇಕು? ಚಪ್ಪಲಿ ಅಂಗಡಿ ಒಂದಿದ್ರೆ ಸಾಕಲ್ಲ!" ಎಂದು ಅವರು ಔಷಧಿ ಡಬ್ಬಿಗಳ ನಡುವಿನಿಂದ ಕೂಗಿದರೆ ದೋಣಿಕಟ್ಟೆಯವರೆಗೂ ಕೇಳಿಸುತ್ತಿತ್ತು. ಅವರ ಬಾಯಿಗೆ ಸಿಕ್ಕಿ ಚೂರಾಗದವರು ಊರಲ್ಲಿ ಕಡಿಮೆ.

ಅಂಥವರು ಈಗ ಬೆಳಗಾದರೆ ಟೋ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚರಟ ಕೆದಕುತ್ತಿದ್ದರು.

ಟೋ ಮನೆಯವರು ಅವರ ಬೀಗರು. ಒಬ್ಬಳೇ ಮಗಳು ಸೌಲಿಂಗ್ ಅಲ್ಲಿ ಗಂಡುಮಗು ಹೆತ್ತು ಮಲಗಿದ್ದಳು. ಹೆರಿಗೆಯ ಸುದ್ದಿ ಹೇಳಲು ಕಳಿಸುವ ಕೆಂಪು ಬಳಿದ ಮೊಟ್ಟೆಗಳು ಬಂದ ದಿನ ಪಂಡಿತರು ಅವನ್ನು ಬೀದಿಗೆಲ್ಲ ಹಂಚಿ, ಹೆಂಡತಿ ಬದುಕಿಲ್ಲವಾದ್ದರಿಂದ ಬಾಣಂತಿಗೆ ತವರಿನವರು ಕಳಿಸುವ ಗಡಿಗೆಯಡುಗೆಯನ್ನು ಹಂದಿಕಾಲು, ಶುಂಠಿ, ಸಿಹಿ ವಿನೆಗರು ಎಲ್ಲ ಹಾಕಿ ತಾವೇ ಬೇಯಿಸಿ ಕಳಿಸಿದ್ದರು. ತಿಂಗಳು ತುಂಬುವವರೆಗೆ ಬಾಣಂತಿಯ ಕೋಣೆಗೆ ಹೊರಗಿನ ಗಂಡಸು ಕಾಲಿಡುವಂತಿಲ್ಲ, ಹೆತ್ತಪ್ಪನಾದರೂ ಅಷ್ಟೆ. ಆ ತಿಂಗಳಲ್ಲಿ ಮನೆಯವರ ಬಾಯಿಂದ ಕೆಟ್ಟ ಮಾತೂ ಬೀಳಬಾರದು. ಜ್ವರ ಎಂದು ಹೆಸರೆತ್ತಿದರೆ ಜ್ವರ ಅಲ್ಲೇ ಠಿಕಾಣಿ ಹೂಡುತ್ತದಂತೆ.

"ತಾಯಿ ನಿದ್ದೆ ಮಾಡ್ತಿದಾಳೆ, ಮಗು ಹಾಲು ಕುಡೀತಿದೆ. ಎಲ್ಲಾ ಚೆನ್ನಾಗಿದೆ ಬೀಗರೇ," ಎಂದು ಬೀಗಿತ್ತಿ ಹೊಸ್ತಿಲಿಗೆ ಅಡ್ಡ ನಿಂತು ಹೇಳಿ ವಾಪಸು ಕಳಿಸಿದ್ದರು.

ಚೆನ್ನಾಗಿರುವ ಬಾಣಂತಿಗೆ ಕಹಿ ಕಷಾಯ ಯಾಕೆ? ತಣ್ಣೀರು ಮುಟ್ಟಲೂ ಬಿಡದ ಜನ, ಮೈ ತಂಪು ಮಾಡುವ ಬೇರನ್ನು ಸುಮ್ಮಸುಮ್ಮನೆ ಮನೆಯೊಳಗೆ ತರುತ್ತಾರೆಯೇ? ಮೊದಲ ಬೆಳಗ್ಗೆ ಚರಟದಲ್ಲಿ ಕಂಡದ್ದು ವೊಂಗ್‌ಕಮ್ ಬೇರಿನ ಬಿಲ್ಲೆ, ನಡುವೆ ಕೊಳೆತು ಟೊಳ್ಳಾದ ಹಳದಿ ಬಿಲ್ಲೆ. ಅದು ಜ್ವರ ಇಳಿಸುವ ಬೇರು.

ಅಂಗಡಿಗೆ ಬಂದವರಿಗೆ ಅವರು ಹೇಳುವ ಕಥೆಯೊಂದಿತ್ತು. ಹಳದಿ ಬಣ್ಣದ ಮೂವರು ಅಣ್ಣತಮ್ಮಂದಿರು, ಮೂವರೂ ಕಡು ಕಹಿ, ಮೂವರದೂ ಬೆಂಕಿ ಆರಿಸುವ ಕಸುಬು. ಆದರೆ ಮೈಯೆಂಬ ಮನೆಯಲ್ಲಿ ಹಿರಿಯ ವೊಂಗ್‌ಕಮ್ ಅಟ್ಟದಲ್ಲಿರುತ್ತಾನೆ, ಎದೆಯ ಬೆಂಕಿ ಅವನಿಗೆ. ನಡುವಿನವನು ವೊಂಗ್‌ಲಿನ್, ಎಲ್ಲರಿಗಿಂತ ಕಹಿ, ಅಡುಗೆಮನೆ ಬಿಟ್ಟು ಕದಲುವುದಿಲ್ಲ, ಹೊಟ್ಟೆಯ ಉರಿ ಅವನ ಪಾಲು. ಕಿರಿಯ ವೊಂಗ್‌ಪಾಕ್, ಮರದ ತೊಗಟೆ, ನೆಲಮಾಳಿಗೆಯವನು. ಬೆಂಕಿ ಅಲ್ಲಿಗಿಳಿದು ಬುಡ ಸುಡತೊಡಗಿದಾಗ ಅವನನ್ನು ಕರೆಯಬೇಕು. "ಅವನ್ನ ಕರೆಯೋ ಕಾಲ ಯಾರಿಗೂ ಬರದೆ ಇರ್ಲಿ," ಎಂದು ಕಥೆ ಮುಗಿಸುತ್ತಿದ್ದರು.

ಸೋಯಾ ಮೊಸರು ಮಾರುವ ಆ-ಹೋ ಅಡ್ಡೆ ಹೊತ್ತು ಬಂದವಳು ಅವರನ್ನು ಕಂಡು ನಿಂತಳು. ಹಳೆಯ ಬಾಕಿ ತೀರಿಸುವ ಅವಕಾಶವನ್ನು ಅವಳು ಬಿಡುವವಳಲ್ಲ. "ಏನ್ ಪಂಡಿತ್ರೇ, ಚರಟ ಕಾಲಲ್ಲಿ ತುಳಿಯೋದು, ಕೈಯಲ್ಲಲ್ಲ. ಅಷ್ಟೂ ಗೊತ್ತಿಲ್ವಾ?"

"ಹೋಗಮ್ಮಾ, ನಿನ್ನ ಮೊಸರು ಒಡ್ದೀತು," ಎಂದರು ಪಂಡಿತರು. ಮಾತಿನಲ್ಲಿ ಖಾರವಿರಲಿಲ್ಲ. ಆ-ಹೋಗೆ ಏನೋ ತೋಚಿತು, ಅಡ್ಡೆಯ ಹೆಗಲು ಬದಲಿಸಿಕೊಂಡು ಮುಂದೆ ನಡೆದಳು.

ಮುಂದಿನ ಚರಟದಲ್ಲಿ ಕೋಳಿಕಾಲಿನ ಉಗುರಿನಂಥ ಬೇರುಗಳು ಸೇರಿದ್ದವು. ವೊಂಗ್‌ಲಿನ್. ಬೆಂಕಿ ಒಂದು ಅಂತಸ್ತು ಇಳಿದಿತ್ತು. ಕೋಣೆಯ ಹೊರಗಿನಿಂದಲೇ ಮದ್ದು ಕೊಡುತ್ತಿದ್ದವನು ಮೇಲೂರಿನ ಔ ಪಂಡಿತ. ಆ ಎಳಸನಿಗೆ ಮೂಲಂಗಿಗೂ ಮದ್ದಿನ ಬೇರಿಗೂ ವ್ಯತ್ಯಾಸ ಗೊತ್ತಿಲ್ಲವೆಂದು ಫೂನ್ ಪಂಡಿತರೇ ಊರೆಲ್ಲ ಸಾರಿದ್ದರು. ಆ ಮಾತು ನಿಜವೇ ಆಗಿರಲಿ ದೇವರೇ ಎಂದು ಈಗ ಬೇಡಿಕೊಂಡರು. ಒಂದೇ ಒಂದು ತಪ್ಪು ಸಿಕ್ಕರೆ ಸಾಕು, ಬಾಗಿಲು ಮುರಿದಾದರೂ ಒಳಗೆ ನುಗ್ಗಬಹುದು, ಮದ್ದು ಬದಲಿಸಿ ಮಗಳನ್ನು ಉಳಿಸಿಕೊಳ್ಳಬಹುದು.

ಮಣ್ಣು ಒರೆಸಿ ಒಂದು ಚೂರು ಬಾಯಿಗೆ ಹಾಕಿಕೊಂಡರು. ಕುದಿದು ಬಸವಳಿದಿದ್ದರೂ ಕಹಿ ಗಂಟಲಿಗಿಳಿಯಿತು. ಅಸಲಿ ಮಾಲು. ಬಾಣಂತಿಯ ಮೈಗೆ ತೀರಾ ತಂಪಾಗದಂತೆ ಔ ಪಂಡಿತ ಅದನ್ನು ಅಕ್ಕಿ ಮದ್ಯದಲ್ಲಿ ಹುರಿದಿದ್ದ. ರಕ್ತ ಕಾಪಾಡುವ ಬೇರನ್ನೂ ಜೊತೆಗೆ ಹಾಕಿದ್ದ. ಫೂನ್ ಪಂಡಿತರು ಕೊಟ್ಟಿದ್ದರೂ ಇದನ್ನೇ ಕೊಡುತ್ತಿದ್ದರು, ಹೀಗೆಯೇ ಕೊಡುತ್ತಿದ್ದರು. ಅವರಿಗೆ ಅಳು ಬಂತು.

ಆಮೇಲೆ ತೊಗಟೆ ಬಂತು. ನಾರುನಾರಾದ ಹಳದಿ ತೊಗಟೆ. ಪಂಡಿತರು ಎದ್ದು ಹೋಗಿ ಬಾಗಿಲು ತಟ್ಟಿದರು.

"ಬೀಗಿತ್ತಿಯವರೇ, ಪರದೆ ಸಂದಿಯಿಂದ ಅವಳ ಕೈ ಒಂದ್ಸಲ ಆಚೆ ಕೊಡಿಸಿ. ನಾಡಿ ನೋಡ್ತೀನಿ, ಅಷ್ಟೇ."

"ಚೆನ್ನಾಗಿರೋರ ನಾಡಿ ಯಾಕೆ ನೋಡ್ತೀರಾ ಬೀಗರೇ?" ಎಂದರು ಬೀಗಿತ್ತಿ. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. "ಎಲ್ಲಾ ಚೆನ್ನಾಗಿದೆ."

"ನಾನು ಕಣ್ಣಿಲ್ಲದವನಲ್ಲ."

"ಗೊತ್ತು. ಅದಕ್ಕೇ ಅಲ್ವಾ?" ಬೀಗಿತ್ತಿ ಒಳಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು. "ನಾಲ್ಕು ದಾರಿ ಕೂಡೋ ಕಡೆ ಸುರೀಬೇಕಾದ್ದನ್ನ ಮನೆ ಮುಂದೆ ಯಾಕೆ ಸುರೀತಿದೀನಿ ಅಂದ್ಕೊಂಡ್ರಿ? ನಾನು ಬಾಯಿ ಬಿಡೋ ಹಂಗಿಲ್ಲ. ನೀವು ನೋಡ್ತೀರಿ, ಹೆಚ್ಚುಕಮ್ಮಿ ಆಗಿದ್ರೆ ಹೇಳ್ತೀರಿ ಅಂತ ದಿನಾ ಬಾಗಿಲ ಹಿಂದೆ ಕಾಯ್ತಿದೀನಿ. ಏನೂ ಹೇಳದೆ ಎದ್ದು ಹೋಗ್ತೀರಿ. ಹೇಳಿ ಬೀಗರೇ, ಅದ್ರಲ್ಲಿ ಏನಾದ್ರೂ ತಪ್ಪಿದೆಯಾ?"

ಊರೆಲ್ಲರ ತಪ್ಪು ಹುಡುಕಿ ಹೆಸರಾದ ಪಂಡಿತರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಇದೆ ಎಂದು ಸುಳ್ಳಾದರೂ ಹೇಳಿಬಿಡೋಣ ಎನ್ನಿಸಿತು. ಹೇಳಿದರೆ ಬದಲಿಗೆ ಕೊಡುವುದೇನನ್ನು?

"ಇಲ್ಲಮ್ಮ," ಎಂದರು. "ಏನೂ ತಪ್ಪಿಲ್ಲ."

ಬೀಗಿತ್ತಿಯ ಮುಖ ಬಾಡಿತು. ತಪ್ಪಿದೆ ಎಂಬ ಮಾತಿಗಾಗಿ ಅವರೂ ಹಂಬಲಿಸಿದ್ದರೆಂದು ಪಂಡಿತರಿಗೆ ಆಗ ತಿಳಿಯಿತು. ಒಳಗಿನಿಂದ ಮಗು ಅತ್ತಿತು. ಸಮಾಧಾನ ಮಾಡುವ ತಾಯಿಯ ದನಿ ಕೇಳೀತೇ ಎಂದು ಇಬ್ಬರೂ ಕಿವಿಗೊಟ್ಟು ನಿಂತರು. ಮಗು ಅಳುತ್ತಲೇ ಇತ್ತು.

ಮಾರನೆಯ ಬೆಳಗ್ಗೆ ಚರಟ ಹೊಸ್ತಿಲಿನ ಹತ್ತಿರವೇ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಅದರಲ್ಲಿ ಹಳದಿಯ ಸುಳಿವೇ ಇರಲಿಲ್ಲ. ಅಣ್ಣತಮ್ಮಂದಿರು ಮೂವರೂ ಹೋಗಿದ್ದರು. ಇದ್ದದ್ದು ಜಿನ್ಸೆಂಗ್ ಬೇರು ಮಾತ್ರ, ಬೇರೆ ಒಂದು ಕಡ್ಡಿಯೂ ಇಲ್ಲ. ಬೆಂಕಿ ಆರಿಸುವ ಕೆಲಸ ಮುಗಿದು, ಹೋಗುತ್ತಿರುವ ಉಸಿರನ್ನು ಹಿಡಿದು ನಿಲ್ಲಿಸುವುದೊಂದೇ ಉಳಿದಾಗ ವೈದ್ಯರು ಆ ಬೇರೊಂದನ್ನೇ ಕುದಿಸುತ್ತಾರೆ. ಫೂನ್ ಪಂಡಿತರೂ ಎಷ್ಟೋ ಮನೆಗಳಲ್ಲಿ ಕುದಿಸಿ, ತಲೆ ತಗ್ಗಿಸಿ ಹೊರಬಂದಿದ್ದರು.

ಅವರು ಈ ಸಲ ಕುಕ್ಕರಗಾಲಲ್ಲಿ ಕೂರಲಿಲ್ಲ. ಗೋಡೆ ಹಿಡಿದು ಬಟ್ಟೆಯ ಬೂಟುಗಳನ್ನು ಒಂದೊಂದಾಗಿ ಕಳಚಿದರು. ಬರಿಗಾಲಲ್ಲಿ ಚರಟದ ಮೇಲೆ ನಿಂತು, ಹಿಮ್ಮಡಿಯಿಂದ ಒತ್ತಿ, ಬೆರಳ ಸಂದಿಗೆಲ್ಲ ಮೆತ್ತಿಕೊಳ್ಳುವಂತೆ ಮತ್ತೆ ಮತ್ತೆ ತುಳಿದರು. ಅಡ್ಡೆ ಹೊತ್ತು ಬಂದ ಆ-ಹೋ ನೋಡಿದಳು, ನಗಲಿಲ್ಲ.

ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಪಂಡಿತರು ಮನೆಯ ದಾರಿ ಹಿಡಿದರು. ದಾರಿಯಲ್ಲಿ ನೀರು ನಿಂತ ಕಡೆಯಲ್ಲೆಲ್ಲ ಬಳಸಿಕೊಂಡು ನಡೆದರು. ತಮ್ಮ ಬಾಗಿಲಿಗೆ ಬಂದಾಗ ಕಾಲೊರೆಸುವ ಗೋಣಿಯನ್ನು ಪಕ್ಕಕ್ಕೆ ಸರಿಸಿ, ಹಾಗೆಯೇ ಒಳಗೆ ಹೋದರು.